ಕಾಡಿನ ಹೂವು: ಬುಟ್ಟಿಗೆಷ್ಟು, ಮರಕ್ಕೆಷ್ಟು?



"ನೀವು ಹೂವು ತಿನ್ನುತ್ತೀರಾ?" ಎಂದು ಯಾರಾದರೂ ಕೇಳಿದರೆ ನಿಮಗೆ ನಗು ಬರಬಹುದು. ಹೂವು ಇರುವುದು ಮುಡಿಯಲು, ದೇವರಿಗೆ ಏರಿಸಲು. ತಿನ್ನುವುದಕ್ಕೆ ಹಣ್ಣು, ಕಾಯಿ, ಸೊಪ್ಪು ಇಲ್ಲವೇ ಎಂದು ನೀವು ಮರುಪ್ರಶ್ನೆ ಹಾಕಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಪಲಾವಿನಲ್ಲಿ ಸಿಕ್ಕಿದಾಗ ನೀವು ತಟ್ಟೆಯ ಅಂಚಿಗೆ ಸರಿಸುವ ಲವಂಗ ಅರಳದ ಹೂವಿನ ಮೊಗ್ಗು. ಬಿಸಿಬೇಳೆ ಬಾತಿನ ಪುಡಿಗೆ ಹಾಕುವ ಮರಾಠಿ ಮೊಗ್ಗು ಬೂರುಗದ ಜಾತಿಯ ಮರದ್ದು. ಹಬ್ಬದ ಪಾಯಸಕ್ಕೆ ಬಣ್ಣ ಕೊಡುವ ಕೇಸರಿ ಒಂದು ಹೂವಿನ ಶಲಾಕಾಗ್ರ. ಹೂಕೋಸಿನ ಹೆಸರಿನಲ್ಲೇ ಹೂವಿದೆ. ಹೀಗೆ ನಮಗೆ ತಿಳಿಯದೆಯೇ ನಾವೆಲ್ಲರೂ ಹೂವು ತಿನ್ನುವವರೇ.

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಮಾತು ಯಾರಿಗೂ ಹೊಸದಲ್ಲ. ಅಲ್ಲಿನ ಮನೆಗಳಲ್ಲಿ ಹೂವಿನ ತಂಬುಳಿ, ಹೂವಿನ ಪಲ್ಯ, ಹೂವಿನ ದೋಸೆ ನಿತ್ಯದ ಅಡುಗೆಯ ಒಂದು ಭಾಗ. ಅಲ್ಲಿನ ಕಾಡಿನ ಹೂವುಗಳು ಒಣಗಿ, ಮೂಟೆಯಾಗಿ, ದೂರದ ಊರುಗಳ ಔಷಧದ ಅಂಗಡಿ, ಸುಗಂಧದ ಕಾರ್ಖಾನೆಗಳನ್ನೂ ಸೇರುತ್ತವೆ. ಈ ಹೂವುಗಳಿಂದ ನಮಗೆ ದೊರೆಯುವುದೇನು? ಕಾಡಿಗೆ ದೊರೆಯುವುದೇನು? ಎರಡೂ ಕೂಡಿ ಬಾಳಲು ಸಾಧ್ಯವೇ? ಇದನ್ನು ಈಗ ನೋಡೋಣ.

ಹೂವು ಗಿಡಕ್ಕೆ ಒಂದು ಖರ್ಚು

ಮೊದಲು ಜೀವಶಾಸ್ತ್ರದ ಪಾಠವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹೂವಿನಲ್ಲಿ ಪುಷ್ಪಪತ್ರ, ಎಸಳು, ಕೇಸರ, ಅಂಡಾಶಯ ಎಂಬ ಭಾಗಗಳಿರುತ್ತವೆ. ಕೇಸರದಲ್ಲಿ ಪರಾಗ, ಅಂಡಾಶಯದಲ್ಲಿ ಮುಂದೆ ಬೀಜವಾಗಬೇಕಾದ ಅಂಡಕಗಳು. ಪರಾಗವು ಶಲಾಕಾಗ್ರವನ್ನು ತಲುಪಿ ಗರ್ಭಾಂಕುರವಾದರೆ ಅಂಡಾಶಯ ಕಾಯಾಗುತ್ತದೆ, ಅಂಡಕ ಬೀಜವಾಗುತ್ತದೆ. ಗಿಡಕ್ಕೆ ಕಾಲಿಲ್ಲ, ಆದ್ದರಿಂದ ಪರಾಗವನ್ನು ಸಾಗಿಸಲು ಅದು ಗಾಳಿಯನ್ನೋ ಜೇನು, ಚಿಟ್ಟೆ, ಹಕ್ಕಿ, ಬಾವಲಿಗಳನ್ನೋ ಅವಲಂಬಿಸಬೇಕು. ಹೂವಿನ ಬಣ್ಣ ಮತ್ತು ಪರಿಮಳ ಈ ಅತಿಥಿಗಳಿಗೆ ಕೊಡುವ ಕರೆ. ಮಕರಂದ ಅವರಿಗೆ ಕೊಡುವ ಕೂಲಿ.

ಅಂದರೆ ಹೂವು ಗಿಡ ಮಾಡುವ ಒಂದು ಖರ್ಚು. ವರ್ಷವಿಡೀ ಎಲೆಗಳು ದುಡಿದು ಕೂಡಿಟ್ಟ ಸಕ್ಕರೆಯನ್ನು ಗಿಡವು ಕೆಲವೇ ವಾರಗಳಲ್ಲಿ ಹೂವಿಗಾಗಿ ಸುರಿದುಬಿಡುತ್ತದೆ. ನಾವು ಕೊಯ್ಯುವ ಹೂವಿನ ಹಿಂದೆ ಇಂಥ ಒಂದು ಲೆಕ್ಕವಿದೆ ಎಂಬುದನ್ನು ಮರೆಯಬಾರದು.

"ಒಂದು ಮಾವಿನ ಮರ ಸಾವಿರಾರು ಹೂ ಬಿಡುತ್ತದೆ. ಅದರಲ್ಲಿ ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ. ಉದುರಿ ಹೋಗುವ ಹೂವನ್ನು ನಾವು ತೆಗೆದುಕೊಂಡರೆ ನಷ್ಟವೇನು?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಾಯಾಗದ ಹೂವು ವ್ಯರ್ಥವಾದ ಹೂವಲ್ಲ. ಅದು ಪರಾಗ ಕೊಡುತ್ತದೆ, ಮಕರಂದ ಕೊಡುತ್ತದೆ, ದೂರದಿಂದ ಕೀಟಗಳನ್ನು ಸೆಳೆಯುತ್ತದೆ. ನೆಲಕ್ಕೆ ಬಿದ್ದ ಬೂರುಗದ ಹೂವನ್ನು ಜಿಂಕೆಗಳು ತಿನ್ನುತ್ತವೆ. ಆದುದರಿಂದ "ಹೂವು ಹೇರಳವಾಗಿದೆ" ಎಂಬ ಒಂದೇ ಕಾರಣ ಸಾಲದು. ಯಾವ ಹೂವು, ಯಾವ ಹೊತ್ತಿನಲ್ಲಿ, ಹೇಗೆ ಎಂಬುದನ್ನು ಕೇಳಲೇಬೇಕು.

ಮೂರು ತಾಲ್ಲೂಕು, ಹನ್ನೆರಡು ತಿಂಗಳ ಹೂವು

ಹತ್ತು ಸಾವಿರ ಚದರ ಕಿಲೋಮೀಟರಿಗೂ ತುಸು ಹೆಚ್ಚು ವಿಸ್ತಾರವಾದ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಮೂರು ತಾಲ್ಲೂಕುಗಳು ಘಟ್ಟದ ಮೇಲಿನವು. ಸಿದ್ದಾಪುರದ ಪಶ್ಚಿಮದ ಅಂಚಿನಲ್ಲಿ ಅಘನಾಶಿನಿ ನದಿಯ ಕಣಿವೆ, ಬಿಸಿಲು ನೆಲ ಮುಟ್ಟದ ಕತ್ತಲೆಕಾನು, ಅದರೊಳಗೆ ರಾಮಪತ್ರೆ ಜಾತಿಯ ಮರಗಳ ಅಪರೂಪದ ಜೌಗು ಇವೆ. ಶಿರಸಿಯಲ್ಲಿ ಅಡಿಕೆ ತೋಟ ಮತ್ತು ಅದರ ಬೆನ್ನಿಗೆ ಸೊಪ್ಪಿನಬೆಟ್ಟ. ಯಲ್ಲಾಪುರದಲ್ಲಿ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗಿ ಎಲೆ ಉದುರಿಸುವ ಕಾಡು ಕಾಣಿಸುತ್ತದೆ. ಕೆಲವೇ ಹತ್ತು ಕಿಲೋಮೀಟರುಗಳ ಅಂತರದಲ್ಲಿ ಕಾಡಿನ ಸ್ವರೂಪ ಬದಲಾಗುವುದರಿಂದ ಇಲ್ಲಿ ಯಾವಾಗಲೂ ಎಲ್ಲೋ ಒಂದು ಕಡೆ ಏನೋ ಒಂದು ಹೂವು ಅರಳಿರುತ್ತದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಮಾವು ಹೂ ಬಿಡುತ್ತದೆ. ಬೂರುಗ ಎಲೆಯನ್ನೆಲ್ಲ ಉದುರಿಸಿ ಕೆಂಪು ಹೂಗಳನ್ನು ಹೊರುತ್ತದೆ. ಮೈನಾ, ಪಿಕಳಾರ, ಕಾಜಾಣ, ಅಳಿಲು ಎಲ್ಲವೂ ಅದರ ಅತಿಥಿಗಳು. ಅದರ ಬೆನ್ನಲ್ಲೇ ಒಣ ಕಾಡಿನಲ್ಲಿ ಮುತ್ತುಗ, ತೇವದ ಕಾಡಿನಲ್ಲಿ ಸುರಗಿ. ಬೇಸಗೆಯಲ್ಲಿ ನೇರಳೆ, ಕೊಡಸಿಗೆ. ಮುಂಗಾರಿನ ಹೊಸ್ತಿಲಲ್ಲಿ ಮರದ ಕೊಂಬೆಗಳಿಂದ ಜಡೆಯಂತೆ ಇಳಿಬೀಳುವ ಸೀತೆದಂಡೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಗೌರಿ ಹೂವು. ಮಳೆ ಹಿಂದೆ ಸರಿಯುವಾಗ ಬೆಟ್ಟದ ತುಂಬ ಕಿಂದಳ. ಅದು ಮುಗಿಯುವಾಗ ಅಂಟುವಾಳ. ಇವಲ್ಲದೆ ಕೆಲವು ಗುರಿಗೆ ಗಿಡಗಳು ಹಲವು ವರ್ಷ ಸುಮ್ಮನಿದ್ದು, ಒಂದು ವರ್ಷ ಎಲ್ಲವೂ ಒಟ್ಟಿಗೇ ಹೂ ಬಿಟ್ಟು ಸಾಯುತ್ತವೆ. ಇದೇ ಕುಲದ ನೀಲಕುರಿಂಜಿಯು ಕೇರಳದ ಮುನ್ನಾರಿನಲ್ಲಿ 2006ರಲ್ಲಿ, ಮತ್ತೆ 12 ವರ್ಷಗಳ ಅನಂತರ 2018ರಲ್ಲಿ ಅರಳಿದ್ದನ್ನು ನೀವು ಕೇಳಿರಬಹುದು.

ಅಡುಗೆಮನೆಗೆ ಬರುವ ಹೂವು

ಇವುಗಳಲ್ಲಿ ಅಡುಗೆಮನೆಯ ಹಾದಿ ಹಿಡಿಯುವವು ಯಾವುವು? ಮೊದಲನೆಯದು ಕೊಡಸಿಗೆ. ಸಂಸ್ಕೃತದಲ್ಲಿ ಕುಟಜ ಎಂದು ಕರೆಯುವ ಈ ಚಿಕ್ಕ ಮರದ ತೊಗಟೆ ಆಮಶಂಕೆಗೆ ಔಷಧವೆಂದು ಆಯುರ್ವೇದದಲ್ಲಿ ಪ್ರಸಿದ್ಧ. ಬೇಸಗೆಯಲ್ಲಿ ಅರಳುವ ಇದರ ಬಿಳಿಯ ಹೂಗಳನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಮಳೆಗಾಲವಿಡೀ ತಂಬುಳಿಗೆ ಒದಗುತ್ತದೆ. ತಂಬುಳಿ ಮಾಡುವ ಬಗೆ ಸುಲಭ: ಹೂವನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ಆಯಿತು.

ಗುಡ್ಡದ ಮೇಲೆ ಕೆಂಪು ಗೊಂಚಲಾಗಿ ಅರಳುವ ಕೇಪಳದ ಹೂವೂ ತಂಬುಳಿಯಾಗುತ್ತದೆ. ಅದರ ಉದ್ದನೆಯ ನಳಿಕೆಯ ತುದಿಯನ್ನು ಚೀಪಿ ಸಿಹಿ ಸವಿಯದ ಮಕ್ಕಳು ಮಲೆನಾಡಿನಲ್ಲಿ ಕಡಿಮೆ. ಮನೆಯಂಗಳದ ದಾಸವಾಳ ದೋಸೆಯ ಹಿಟ್ಟಿಗೂ ಪಾನಕಕ್ಕೂ ಸೇರುತ್ತದೆ. ನುಗ್ಗೆಯ ಹೂವು ಪಲ್ಯವಾಗುತ್ತದೆ. ಸಿಹಿಗುಂಬಳದ ಹಳದಿ ಹೂವು ಬಜ್ಜಿಯಾಗುತ್ತದೆ. ಬಾಳೆಯ ಹೂವನ್ನು ಬಿಡಿಸಿ, ಪ್ರತಿ ಎಳೆಯೊಳಗಿನ ಗಟ್ಟಿ ಕಡ್ಡಿಯನ್ನು ತೆಗೆದು, ಹೆಚ್ಚಿ ಮಜ್ಜಿಗೆ ನೀರಿನಲ್ಲಿ ನೆನೆಸಿಟ್ಟರೆ ಒಗರೂ ಇಳಿಯುತ್ತದೆ, ಕಪ್ಪಾಗುವುದೂ ತಪ್ಪುತ್ತದೆ.

ಈಗ ಇದರೊಳಗೆ ಅಡಗಿರುವ ಜಾಣತನವನ್ನು ಗಮನಿಸಿ. ಬಾಳೆಗೊನೆಯಲ್ಲಿ ಮೊದಲು ತೆರೆಯುವ ಹೂಗಳು ಹೆಣ್ಣು; ಅವೇ ಚಿಪ್ಪುಗಳಾಗುತ್ತವೆ. ತುದಿಯಲ್ಲಿ ಉಳಿಯುವ ಮೊಗ್ಗಿನಲ್ಲಿರುವುದು ಗಂಡು ಹೂಗಳು. ಕಾಯಿ ಕಟ್ಟಿದ ಮೇಲೆ ಅದನ್ನು ಕೊಯ್ದರೆ ಗೊನೆಗೆ ಯಾವ ತೊಂದರೆಯೂ ಇಲ್ಲ. ಸಿಹಿಗುಂಬಳದಲ್ಲೂ ಹಾಗೆಯೇ. ಬುಡದಲ್ಲಿ ಪುಟ್ಟ ಕಾಯಿ ಹೊತ್ತಿರುವುದು ಹೆಣ್ಣು ಹೂವು. ಬರಿಯ ಸಪೂರ ತೊಟ್ಟಿನ ಮೇಲೆ ನಿಂತಿರುವುದು ಗಂಡು. ಬಲ್ಲವರು ಗಂಡು ಹೂವನ್ನೇ ಕೊಯ್ಯುತ್ತಾರೆ. ಅದರಲ್ಲೂ ಕೆಲವನ್ನು ಜೇನಿಗಾಗಿ ಬಿಡುತ್ತಾರೆ. ಅಂಗಳದ ದಾಸವಾಳವನ್ನು ನಾವು ಬೆಳೆಸುವುದು ಕಡ್ಡಿ ನೆಟ್ಟು, ಬೀಜದಿಂದಲ್ಲ. ಕೊಯ್ದರೆ ಅದರ ಸಂತತಿಗೆ ನಷ್ಟವಿಲ್ಲ. "ಪರಾಗಸ್ಪರ್ಶ" ಎಂಬ ಪದವನ್ನು ಕೇಳದ ಅಜ್ಜಿಯೂ ಈ ಲೆಕ್ಕವನ್ನು ಅಡುಗೆಮನೆಯಲ್ಲೇ ಕಲಿತಿದ್ದಳು.

ಹೂವಿನ ಪೌಷ್ಟಿಕತೆ: ಎಷ್ಟು ನಿಜ?

ಹೂವು ತಿಂದರೆ ಸಕಲ ರೋಗವೂ ಮಾಯ ಎಂಬ ಮಾತನ್ನು ನಂಬಬೇಡಿ. ಹೂವಿನಲ್ಲಿ ಬಹುಪಾಲು ನೀರೇ. ಅನ್ನ, ರೊಟ್ಟಿಗಳು ಕೊಡುವ ಶಕ್ತಿಯನ್ನಾಗಲೀ ಬೇಳೆ ಕೊಡುವಷ್ಟು ಪ್ರೋಟೀನನ್ನಾಗಲೀ ಹೂವು ಕೊಡಲಾರದು. ಹಾಗಾದರೆ ಅದರ ಪ್ರಯೋಜನವೇನು?

ಮೊದಲನೆಯದು ನಾರು. ಬಾಳೆಹೂವಿನಲ್ಲಿ ನಾರೂ ಪೊಟ್ಯಾಸಿಯಮ್ಮೂ ಚೆನ್ನಾಗಿವೆ. ಎರಡನೆಯದು ವರ್ಣದ್ರವ್ಯಗಳು. ಸಿಹಿಗುಂಬಳದ ಹೂವಿನ ಹಳದಿಗೆ ಕಾರಣ ಕೆರೋಟಿನ್ ಗುಂಪಿನ ದ್ರವ್ಯಗಳು; ಇವುಗಳಲ್ಲಿ ಕೆಲವನ್ನು ನಮ್ಮ ಶರೀರ ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಇವು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತವೆ. ಆದ್ದರಿಂದ ತುಪ್ಪದಲ್ಲಿ ಹುರಿಯುವುದು, ತೆಂಗಿನೊಂದಿಗೆ ರುಬ್ಬುವುದು ರುಚಿಗಷ್ಟೇ ಅಲ್ಲ, ಪೋಷಣೆಗೂ ಸಹಾಯಕ. ದಾಸವಾಳ, ಕೇಪಳಗಳ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ನೀರಿನಲ್ಲಿ ಕರಗುವ ವರ್ಣದ್ರವ್ಯ. ಮೂರನೆಯದು ಬಹಳ ಮುಖ್ಯ: ಊಟದ ವೈವಿಧ್ಯ. ತರಕಾರಿ ಬೆಳೆಯುವುದೇ ಕಷ್ಟವಾದ ಜಡಿಮಳೆಯ ತಿಂಗಳುಗಳಲ್ಲಿ ಒಣಗಿಸಿಟ್ಟ ಹೂವು, ಮಜ್ಜಿಗೆ, ಮೆಣಸು ಕೂಡಿ ಅನ್ನಕ್ಕೆ ಜೊತೆಯಾಗುತ್ತಿದ್ದವು. ತಂಬುಳಿ ಔಷಧವಲ್ಲ, ಒಳ್ಳೆಯ ಊಟ. ಕಾಯಿಲೆ ಬಂದಾಗ ವೈದ್ಯರ ಬಳಿಗೇ ಹೋಗಬೇಕು.

ಕಾಣದ ಆದಾಯ: ಜೇನು ಮತ್ತು ಏಲಕ್ಕಿ

ಹೂವನ್ನು ಕೊಯ್ಯದೆಯೂ ಅದರಿಂದ ಆದಾಯ ಪಡೆಯಬಹುದು. ಅದನ್ನು ಮಾಡಿಕೊಡುವುದು ಜೇನು. ಈ ಕಾಡುಗಳಲ್ಲಿ ಎತ್ತರದ ಮರಗಳಲ್ಲಿ ತೂಗುವ ಹೆಜ್ಜೇನು, ಪೊಟರೆಯಲ್ಲಿ ವಾಸಿಸುವ ಮತ್ತು ಪೆಟ್ಟಿಗೆಯಲ್ಲಿ ಸಾಕಬಹುದಾದ ತುಡುವೆ, ಪೊದೆಯಲ್ಲಿ ಗೂಡು ಕಟ್ಟುವ ಕೋಲುಜೇನು, ಚುಚ್ಚದ ಪುಟ್ಟ ಮಿಸರೆ ಎಂಬ ನಾಲ್ಕು ಬಗೆಗಳಿವೆ. ಒಂದು ಕಿಲೋ ಜೇನುತುಪ್ಪ ಕೂಡಬೇಕಾದರೆ ಹುಳುಗಳು ಹತ್ತಾರು ಲಕ್ಷ ಹೂಗಳನ್ನು ಸಂದರ್ಶಿಸಬೇಕು. ಮಕರಂದ ಅವಕ್ಕೆ ಶಕ್ತಿ. ಪರಾಗವೇ ಮರಿಗಳಿಗೆ ಪ್ರೋಟೀನು.

ಇಲ್ಲಿ ತೋಟಕ್ಕೂ ಕಾಡಿಗೂ ಇರುವ ನಂಟನ್ನು ನೋಡಿ. ಅಡಿಕೆಯ ನೆರಳಿನಲ್ಲಿ ಬೆಳೆಯುವ ಏಲಕ್ಕಿಯ ಹೂವು ಮುಂಜಾನೆ ಅರಳಿ ಒಂದೇ ದಿನದಲ್ಲಿ ಬಾಡುತ್ತದೆ. ಅಷ್ಟರೊಳಗೆ ಜೇನು ಬಂದು ಪರಾಗ ತಲುಪಿಸಿದರೆ ಏಲಕ್ಕಿ, ಇಲ್ಲವಾದರೆ ಬರಿಯ ಒಣಗಿದ ಹೂವು. ಆದರೆ ಏಲಕ್ಕಿ ಅರಳುವುದು ವರ್ಷದ ಕೆಲವೇ ತಿಂಗಳು. ಉಳಿದ ತಿಂಗಳುಗಳಲ್ಲಿ ಆ ಜೇನನ್ನು ಸಾಕುವವರು ಯಾರು? ಕಿಂದಳ, ಅಂಟುವಾಳ, ನೇರಳೆ, ಬೂರುಗ, ಜೊತೆಗೆ ತೋಟದ ಅಡಿಕೆಯ ಸಿಂಗಾರ. ಸುರಿಮಳೆಯಲ್ಲಿ ಹುಳು ಹೊರಗೆ ಹೋಗಲಾರದು, ಹೂವೂ ಕಡಿಮೆ. ಆಗ ಜೇನು ಸಾಕುವವರು ಸಕ್ಕರೆ ಪಾಕ ಇಡುತ್ತಾರೆ. ಕಾಡಿನ ಹೂವಿನ ಸಾಲಿನಲ್ಲಿ ಒಂದು ಕೊಂಡಿ ತಪ್ಪಿದರೆ ಇಂಥ ಬರಗಾಲದ ತಿಂಗಳುಗಳು ಹೆಚ್ಚುತ್ತವೆ.

ಜೇನಿಲ್ಲದ ಸ್ಥಿತಿ ಬರಿಯ ಕಲ್ಪನೆಯಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ, ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಅಪಾರ ಸಂಖ್ಯೆಯ ಪೆಟ್ಟಿಗೆಗಳು ಬರಿದಾದವು. ಆ ಮೇಲೆ ಜೇನು ಮತ್ತೆ ತುಂಬಿಕೊಳ್ಳಲು ನೆರವಾದದ್ದು ಕಾಡಿನಲ್ಲಿ ಉಳಿದುಕೊಂಡಿದ್ದ, ರೋಗವನ್ನು ತಾಳಿಕೊಂಡ ಕುಟುಂಬಗಳು. ಕಾಡು ಒಂದು ಬೀಜದ ಕಣಜವಿದ್ದಂತೆ.

ಒಂದು ಹೆಸರು, ಮೂರು ಮರ

ಇನ್ನು ಮಾರುಕಟ್ಟೆಗೆ ಬರೋಣ. ಗ್ರಂದಿಗೆ ಅಂಗಡಿಯಲ್ಲಿ "ನಾಗಕೇಸರ" ಕೇಳಿದರೆ ನಿಮಗೆ ಏನು ಸಿಗುತ್ತದೆ? ಉತ್ತರ ಅಷ್ಟು ಸರಳವಾಗಿಲ್ಲ. ಈ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಮರಗಳ ಸರಕು ಮಾರಾಟವಾಗುತ್ತದೆ. ಮೂರೂ ಪಶ್ಚಿಮ ಘಟ್ಟದ ಈ ಕಾಡುಗಳಲ್ಲೇ ಬೆಳೆಯುತ್ತವೆ.

ನಿಜವಾದ ನಾಗಕೇಸರ ಎಂದರೆ ನಾಗಸಂಪಿಗೆಯ ಕೇಸರಗಳು. ದೊಡ್ಡ ಬಿಳಿಯ ಎಸಳುಗಳ ನಡುವೆ ಚಿನ್ನದ ಚೆಂಡಿನಂತಿರುವ ಆ ಕೇಸರಗಳು, ಹೂವಿನ ಕೆಲಸ ಮುಗಿದ ಮೇಲೆ ಎಸಳಿನೊಂದಿಗೆ ತಾವಾಗಿಯೇ ಉದುರುತ್ತವೆ. ನೆಲದಿಂದ ಆರಿಸಿದರೆ ಮರಕ್ಕೆ ಒಂದು ಕಾಯಿಯೂ ನಷ್ಟವಾಗದು.

ಎರಡನೆಯದು ಕೆಂಪು ನಾಗಕೇಸರ. ಇದು ಸುರಗಿಯ ಮೊಗ್ಗು. ಸುರಗಿ ಪಶ್ಚಿಮ ಘಟ್ಟದ ಸೀಮೆಗೆ ಮಾತ್ರ ಸೀಮಿತವಾದ, ನಿಧಾನವಾಗಿ ಬೆಳೆಯುವ ನಿತ್ಯಹಸಿರಿನ ಮರ. ಎಲೆಯ ತುದಿಗಳಲ್ಲಲ್ಲ, ಬಲಿತ ಕೊಂಬೆಗಳ ಮೈಮೇಲೆಯೇ ಇದು ಹೂವಿನ ಗೊಂಚಲುಗಳನ್ನು ಹೊರುತ್ತದೆ. ಒಣಗಿದ ಮೇಲೂ ಹೂವಿನ ಪರಿಮಳ ಉಳಿಯುತ್ತದೆ. ಆದ್ದರಿಂದಲೇ ಇದನ್ನು ದಂಡೆ ಮಾಡಿ ಮುಡಿಯುವುದೂ ಉಂಟು, ಮೂಟೆ ಕಟ್ಟಿ ಮಾರುವುದೂ ಉಂಟು. ಆದರೆ ಒಳ್ಳೆಯ ಬೆಲೆ ಇರುವುದು ಅರಳದ ಮೊಗ್ಗಿಗೆ. ಮೊಗ್ಗನ್ನು ಕೊಯ್ದರೆ ಜೇನಿಗೆ ಮಕರಂದವಿಲ್ಲ, ಮರಕ್ಕೆ ಕಾಯಿಲ್ಲ, ಕಾಡಿಗೆ ಸಸಿಯಿಲ್ಲ.

ಮೂರನೆಯದು ಕಪ್ಪು ನಾಗಕೇಸರ. ನಮ್ಮ ಜನ ಇದನ್ನು ದಾಲ್ಚಿನ್ನಿ ಮೊಗ್ಗು ಎನ್ನುತ್ತಾರೆ, ಮಸಾಲೆಗೆ ಬಳಸುತ್ತಾರೆ. ಹೆಸರು ಮೊಗ್ಗು ಎಂದಿದ್ದರೂ ವಾಸ್ತವವಾಗಿ ಇದು ಕಾಡು ದಾಲ್ಚಿನ್ನಿ ಮರದ ಬಲಿಯದ ಎಳೆಕಾಯಿ. ಬಲಿತರೆ ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ದು ಬಿತ್ತುತ್ತವೆ. ಎಳೆಯದರಲ್ಲೇ ಕೊಯ್ದರೆ ಆ ಮರದ ಆ ವರ್ಷದ ಸಂತತಿ ಅಲ್ಲಿಗೇ ಮುಗಿಯಿತು.

ಹೀಗೆ ಅಂಗಡಿಯ ಚೀಟಿಯಲ್ಲಿ ಒಂದೇ ಹೆಸರಿನ ಸರಕುಗಳು ಕಾಡಿನ ಲೆಕ್ಕದಲ್ಲಿ ಒಂದೇ ಅಲ್ಲ. ಒಂದು ಉದುರಿದ್ದು, ಒಂದು ಅರಳದ್ದು, ಒಂದು ಬಲಿಯದ್ದು. ಇನ್ನೊಂದು ಉದಾಹರಣೆ ಬೇಕಾದರೆ ಧಾತಕಿಯನ್ನು ನೋಡಿ. ಆಯುರ್ವೇದದ ಆಸವ, ಅರಿಷ್ಟಗಳು ಹುದುಗು ಬರಲು ಈ ಪೊದೆಯ ಕೆಂಪು ಹೂವನ್ನು ಹಾಕುತ್ತಾರೆ. ಇದಕ್ಕೂ ದೂರದ ಊರಿನ ಬೇಡಿಕೆಯೇ ಬೆಲೆ ಕಟ್ಟುತ್ತದೆ.

ಎಲ್ಲರ ಮರ ಯಾರ ಮರ?

ಕೊಯ್ಯುವವರಿಗೆ ಇದು ತಿಳಿಯದೇ? ತಿಳಿದಿದೆ. ಆದರೂ ಕೊಂಬೆ ಕಡಿದು ಮೊಗ್ಗು ಕೊಯ್ಯುವ ಪರಿಪಾಠ ಏಕೆ ಬಂತು? ಅರ್ಥಶಾಸ್ತ್ರ ಓದುವವರು ಇಲ್ಲಿ ಗಮನ ಕೊಡಬೇಕು. ಸ್ವಂತ ಅಂಗಳದ ಮಾವಿನ ಮರದ ಕೊಂಬೆಯನ್ನು ಹಣ್ಣಿಗಾಗಿ ಯಾರೂ ಕಡಿಯುವುದಿಲ್ಲ. ಮುಂದಿನ ವರ್ಷದ ಹಣ್ಣೂ ತನ್ನದೇ ಎಂಬ ಭರವಸೆ ಇದೆ. ಕಾಡಿನ ಮರಕ್ಕೆ ಆ ಭರವಸೆ ಇಲ್ಲ. "ನಾನು ಇಂದು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ" ಎಂಬ ಆತಂಕದಿಂದ ಪ್ರತಿಯೊಬ್ಬನೂ ಒಂದು ವಾರ ಮೊದಲೇ ಹೋಗುತ್ತಾನೆ. ಮರ ಹತ್ತಿ ಬಿಡಿಬಿಡಿಯಾಗಿ ಕೊಯ್ಯಲು ಹೊತ್ತು ಬೇಕು, ಜೀವದ ಭಯವೂ ಇದೆ. ಕೊಂಬೆ ಕಡಿದರೆ ಕೆಲಸ ಬೇಗ. ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆ ಕೊಡುವ ಪದ್ಧತಿಯಲ್ಲಿ, ಗುತ್ತಿಗೆಯ ಅವಧಿ ಮುಗಿದ ಮೇಲೆ ಮರ ಏನಾದರೆ ಗುತ್ತಿಗೆದಾರನಿಗೇನು? ಕೊಯ್ಯುವ ಬಡವನಿಗೆ ದಿನದ ಕೂಲಿ ಗಿಟ್ಟಿದರೆ ಸಾಕೆಂಬ ಸ್ಥಿತಿ. ಅವನನ್ನಷ್ಟೇ ದೂರುವುದು ನ್ಯಾಯವಲ್ಲ.

ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ 1968ರಲ್ಲಿ, ಎಲ್ಲರಿಗೂ ಸೇರಿದ ಸಂಪತ್ತು ಹೀಗೆಯೇ ಹಾಳಾಗುತ್ತದೆ ಎಂದು ವಾದಿಸಿದರು. ಆದರೆ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಜಗತ್ತಿನ ಹಲವು ಕಡೆಯ ಉದಾಹರಣೆಗಳನ್ನು ಪರಿಶೀಲಿಸಿ, ಜನರು ತಾವೇ ಕೂಡಿ ನಿಯಮ ಮಾಡಿಕೊಂಡು, ಅದನ್ನು ಪಾಲಿಸುವಂತೆ ನೋಡಿಕೊಂಡರೆ ಸಾಮುದಾಯಿಕ ಸಂಪತ್ತು ಉಳಿಯುತ್ತದೆ ಎಂದು ತೋರಿಸಿಕೊಟ್ಟರು. ಈ ಕೆಲಸಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು.

ನಮ್ಮ ಸೊಪ್ಪಿನಬೆಟ್ಟದಲ್ಲೇ ಎರಡಕ್ಕೂ ಉದಾಹರಣೆ ಇದೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕುಗಳಿಗಾಗಿ ಬಿಟ್ಟುಕೊಟ್ಟಿದ್ದರು. ಸರದಿಯ ಪ್ರಕಾರ ಸೊಪ್ಪು ಕಡಿದು ಮರಕ್ಕೆ ಬಿಡುವು ಕೊಟ್ಟ ಬೆಟ್ಟಗಳು ಇಂದಿಗೂ ಹೂ ಬಿಡುತ್ತವೆ. ಪ್ರತಿವರ್ಷ ತುದಿಯವರೆಗೂ ಬೋಳಿಸಿದ ಬೆಟ್ಟಗಳಲ್ಲಿ ಮರವಿದ್ದರೂ ಹೂವಿಲ್ಲ. ಹೂ ಬಿಡಬೇಕಾದ ರೆಂಬೆ ಬಲಿಯುವ ಮೊದಲೇ ಕತ್ತಿ ಬಿದ್ದಿರುತ್ತದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅದರ ಘೋಷಣೆಯಲ್ಲಿದ್ದ ಮೂರು ಪದಗಳು: ಉಳಿಸು, ಬೆಳೆಸು, ಬಳಸು. "ಮುಟ್ಟಬೇಡ" ಎಂದಲ್ಲ, "ಬಳಸು" ಎಂದೇ ಅದು ಹೇಳಿತು. ಆದರೆ ಬಳಸು ಎಂಬುದು ಕೊನೆಯ ಪದ. ಮುಂದೆ 1993ರಿಂದ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಬಂದವು. 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯ ಮಾಡಿತು. ಹಕ್ಕು ಮತ್ತು ಹೊಣೆ ಎರಡೂ ಒಂದೇ ಊರಿನ ಕೈಯಲ್ಲಿದ್ದಾಗ ಮುಂದಿನ ವರ್ಷದ ಹೂವಿಗೆ ಒಬ್ಬ ಯಜಮಾನ ದೊರೆತಂತಾಗುತ್ತದೆ.

ಕೊಯ್ಯುವ ಮುನ್ನ ಮೂರು ಪ್ರಶ್ನೆ

ಮಧ್ಯ ಭಾರತದ ಛತ್ತೀಸಗಢ, ಒಡಿಶಾ, ಮಧ್ಯಪ್ರದೇಶಗಳ ಆದಿವಾಸಿಗಳಿಗೆ ಹಿಪ್ಪೆಯ ಹೂವು ಆಹಾರವೂ ಹೌದು, ಹಣವೂ ಹೌದು. ಒಣಗಿದ ಹಿಪ್ಪೆಹೂವಿನ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆ ಇರುತ್ತದೆ. ಅದರ ರಸಭರಿತ ದಳಗಳು ಬೆಳಗಿನ ಜಾವ ತಾವಾಗಿ ಉದುರುತ್ತವೆ. ಅಂಡಾಶಯ ಮರದಲ್ಲೇ ಉಳಿದು ಎಣ್ಣೆ ಬೀಜದ ಕಾಯಾಗುತ್ತದೆ. ಹೂವೂ ಸಿಕ್ಕಿತು, ಕಾಯೂ ಉಳಿಯಿತು! ಆದರೆ ಉದುರಿದ ಹೂವು ಸುಲಭವಾಗಿ ಕಾಣಲೆಂದು ಮರದಡಿಯ ತರಗೆಲೆಗೆ ಬೆಂಕಿ ಇಡುವವರೂ ಇದ್ದಾರೆ. ಆ ಬೆಂಕಿ ಹಬ್ಬಿ ಎಳೆಯ ಸಸಿಗಳು ಸುಡುತ್ತವೆ. ಆರಿಸುವ ವಿಧಾನವೂ ಆರಿಸುವ ವಸ್ತುವಿನಷ್ಟೇ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟನ್ನು ತಿಳಿದ ಮೇಲೆ ಯಾವುದೇ ಹೂವಿನ ಮುಂದೆ ನಿಂತು ನೀವು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಒಂದು, ಇದು ಉದುರಿದ ಹೂವೋ, ಗಂಡು ಹೂವೋ, ಕಾಯಾಗಬೇಕಾದ ಹೂವೋ? ಎರಡು, ನಾನು ಕೊಯ್ದ ಮೇಲೆ ಜೇನಿಗೆ, ಹಕ್ಕಿಗೆ, ಬೀಜಕ್ಕೆ ಸಾಕಷ್ಟು ಉಳಿಯುತ್ತದೆಯೇ? ಮೂರು, ಕೊಯ್ಯುವ ರೀತಿಯಿಂದ ಕೊಂಬೆಗೆ, ಬೇರಿಗೆ ಘಾಸಿಯಾಗುತ್ತದೆಯೇ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಬುಟ್ಟಿ ಹಿಡಿಯಿರಿ. ಸೀತೆದಂಡೆಯಂಥ ಆರ್ಕಿಡ್ಡುಗಳ ಮುಂದೆ ಮಾತ್ರ ಕಣ್ಣಿಗಷ್ಟೇ ಅನುಮತಿ. ಧೂಳಿನಂಥ ಅವುಗಳ ಬೀಜ ಮೊಳೆಯಲು ತಕ್ಕ ಶಿಲೀಂಧ್ರದ ನೆರವು ಬೇಕು. ಒಮ್ಮೆ ಕಿತ್ತರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದು ದುರ್ಲಭ.

ಎಚ್ಚರಿಕೆಯ ಮಾತು

ಎಲ್ಲ ಹೂವೂ ತಿನ್ನುವ ಹೂವಲ್ಲ. ಚೌತಿಯ ಫಲಾವಳಿಗೆ ಕಟ್ಟುವ ಸುಂದರವಾದ ಗೌರಿ ಹೂವಿನ ಗಿಡದ ಎಲ್ಲ ಭಾಗಗಳೂ, ವಿಶೇಷವಾಗಿ ಗೆಡ್ಡೆ, ಘೋರ ವಿಷ. ಕಣಗಿಲೆ ಹೃದಯಕ್ಕೆ ಅಪಾಯಕಾರಿ. ದತ್ತೂರ ಬುದ್ಧಿಯನ್ನೇ ಕೆಡಿಸುತ್ತದೆ. ಕೊಡಸಿಗೆಯನ್ನು ಹೋಲುವ ಬಿಳಿ ಹೂವಿನ ಬೇರೆ ಗಿಡಗಳೂ ಇವೆ. ಆದ್ದರಿಂದ ಚಿತ್ರ ನೋಡಿ, ಹೆಸರು ಕೇಳಿ ಯಾವ ಹೂವನ್ನೂ ಬಾಯಿಗೆ ಹಾಕಬೇಡಿ. ಅದನ್ನು ವರ್ಷಗಟ್ಟಲೆ ಅಡುಗೆಯಲ್ಲಿ ಬಳಸಿದ ಹಿರಿಯರು ಗಿಡವನ್ನು ನೋಡಿ ಹೌದೆಂದರೆ ಮಾತ್ರ ಮುಂದುವರಿಯಿರಿ. ಔಷಧಿ ಸಿಂಪಡಿಸಿದ ತೋಟದ ಹೂವೂ ಬೇಡ.

ಕಾಡಿಗೆ ಹೋಗುವಾಗ ಇನ್ನೊಂದು ಎಚ್ಚರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿದೆ. ಇದು ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಹೂವಿನ ಕಾಲವೂ ಅದೇ ಎಂಬುದನ್ನು ಗಮನಿಸಿ. ಮಂಗ ಸತ್ತ ಕಡೆ ಹೋಗಬೇಡಿ. ಮೈ ಮುಚ್ಚುವ ಬಟ್ಟೆ ಧರಿಸಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ.

ನೀವೇ ಮಾಡಿ ನೋಡಿ

1. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣ ಬಿಡಿಸಿಕೊಳ್ಳಿ. ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿ. ಮೊದಲನೆಯದು ಕೆಂಪಾಗುತ್ತದೆ, ಎರಡನೆಯದು ಹಸಿರಿಗೆ ತಿರುಗುತ್ತದೆ. ಆಂಥೋಸಯನಿನ್ ಆಮ್ಲ, ಪ್ರತ್ಯಾಮ್ಲಗಳನ್ನು ಗುರುತಿಸುವ ಸೂಚಕ ಎಂಬುದು ಇದರಿಂದ ತಿಳಿಯುತ್ತದೆ.

2. ನಿಮ್ಮ ಶಾಲೆ ಅಥವಾ ಮನೆಯ ಸುತ್ತಲಿನ ಹತ್ತು ಗಿಡಗಳನ್ನು ಆರಿಸಿಕೊಳ್ಳಿ. ಯಾವ ತಿಂಗಳು ಹೂ ಬಿಟ್ಟಿತು, ಯಾವ ಕೀಟ, ಹಕ್ಕಿಗಳು ಬಂದವು, ಕಾಯಾಯಿತೇ ಇಲ್ಲವೇ ಎಂದು ವರ್ಷವಿಡೀ ಬರೆದಿಡಿ. ಹೂವೇ ಇಲ್ಲದ ತಿಂಗಳು ಯಾವುದೆಂದು ಹುಡುಕಿ; ಆ ತಿಂಗಳಲ್ಲಿ ಅರಳುವ ಊರಿನದೇ ಒಂದು ಗಿಡವನ್ನು ನೆಡಿ. ಜೇನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

3. ಮನೆಯ ಹಿರಿಯರನ್ನು ಕೇಳಿ, ಅವರು ತಿಂದ ಹೂವುಗಳ ಪಟ್ಟಿ ಮಾಡಿ. ಕೊಯ್ಯುವಾಗ ಎಷ್ಟು ಬಿಡುತ್ತಿದ್ದರು, ಏಕೆ ಬಿಡುತ್ತಿದ್ದರು ಎಂಬುದನ್ನೂ ಬರೆದುಕೊಳ್ಳಿ. ಅಡುಗೆಯ ವಿಧಾನ ಪುಸ್ತಕಗಳಲ್ಲಿ ಸಿಗಬಹುದು. ಈ ಬಿಡುವ ಲೆಕ್ಕ ಸಿಗುವುದು ಅಪರೂಪ. ಆ ಪೀಳಿಗೆಯೊಂದಿಗೆ ಅದು ಮರೆಯಾಗುವ ಮುನ್ನ ನಿಮ್ಮ ನೋಟುಪುಸ್ತಕ ಸೇರಲಿ.

ಮಿತ್ರರೇ, ಕಾಡಿನ ಹೂವು ನಮಗೆ ಊಟ, ಪರಿಮಳ, ಜೇನು, ಒಂದಷ್ಟು ಹಣ ಎಲ್ಲವನ್ನೂ ಕೊಡುತ್ತದೆ. ಅದಕ್ಕೆ ನಾವು ಕೊಡಬೇಕಾದದ್ದು ಒಂದೇ: ಮುಂದಿನ ವರ್ಷವೂ ಅರಳುವ ಅವಕಾಶ. ಮುಂದಿನ ಬೇಸಗೆಯಲ್ಲಿ ಕೊಡಸಿಗೆ ಬಿಳಿಯಾಗಿ ಅರಳಿದಾಗ, ಬುಟ್ಟಿಗೆಷ್ಟು, ಮರಕ್ಕೆಷ್ಟು ಎಂಬ ಪ್ರಶ್ನೆಗೆ ನೀವೇ ಉತ್ತರ ಹೇಳಬಲ್ಲಿರಿ.